ಹಾಸನದ ನೆಲದಡಿಯ ಲೋಹ: ಕಲ್ಯಾಡಿಯ ತಾಮ್ರ, ಬೈರಾಪುರದ ಕ್ರೋಮೈಟ್

ಹಾಸನ ಜಿಲ್ಲೆಯಲ್ಲಿ ಹೆಸರಿಸಬೇಕಾದ ಲೋಹದ ಗಣಿಗಳು ಎರಡು ಕಡೆ ಇವೆ. ಒಂದು ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯ, ಈಗ ನಿಂತುಹೋಗಿರುವ ತಾಮ್ರದ ಗಣಿ. ಇನ್ನೊಂದು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸುತ್ತಿನ ಕ್ರೋಮೈಟ್ ಗಣಿಗಳು. ಇವುಗಳಲ್ಲಿ ಬೈರಾಪುರದ್ದು ಹಿರಿದು. ಗಾತ್ರದಲ್ಲಿ ಇವು ಕೋಲಾರದ ಚಿನ್ನದ ಗಣಿಗಳಿಗಾಗಲಿ ಬಳ್ಳಾರಿಯ ಕಬ್ಬಿಣದ ಗಣಿಗಳಿಗಾಗಲಿ ಹತ್ತಿರ ಬರುವುದಿಲ್ಲ. ಆದರೆ ಕರ್ನಾಟಕದಲ್ಲಿ ನೆಲದಡಿಯ ಸಂಪತ್ತು ಯಾರದು, ಅದನ್ನು ಯಾರು ಹುಡುಕಿದರು, ಯಾರು ತೆಗೆದರು, ತೆಗೆದ ಮೇಲೆ ಉಳಿದ ಗುಂಡಿಗೆ ಯಾರು ಹೊಣೆ ಎಂಬ ಪ್ರಶ್ನೆಗಳಿಗೆಲ್ಲ ಈ ಸಣ್ಣ ಗಣಿಗಳ ಚರಿತ್ರೆಯಲ್ಲಿ ಸ್ಪಷ್ಟ ಉತ್ತರ ಸಿಗುತ್ತದೆ.

ತಾಮ್ರ, ಸೀಸ, ಸತು, ನಿಕ್ಕಲ್, ತವರ ಮುಂತಾದವನ್ನು ಮೂಲ ಲೋಹಗಳೆಂದು ಕರೆಯುತ್ತಾರೆ. ಚಿನ್ನ, ಪ್ಲಾಟಿನಂಗಳಂತೆ ಇವು ಗಾಳಿಗೆ ಕಂದದೆ ಉಳಿಯುವುದಿಲ್ಲ. ಭೂಮಿಯಲ್ಲೂ ಶುದ್ಧ ಲೋಹವಾಗಿ ಸಿಗುವುದು ಅಪರೂಪ. ಗಂಧಕದ ಜೊತೆಗೋ ಆಮ್ಲಜನಕದ ಜೊತೆಗೋ ಬೆರೆತು ಕಲ್ಲಿನೊಳಗೆ ಹುದುಗಿರುತ್ತವೆ. ಕ್ರೋಮೈಟಿನಿಂದ ಸಿಗುವ ಕ್ರೋಮಿಯಂ ಈ ಗುಂಪಿಗೆ ನೇರವಾಗಿ ಸೇರಿದ್ದಲ್ಲ, ಉಕ್ಕಿಗೆ ಬೆರೆಸುವ ಲೋಹ. ಆದರೆ ಹಾಸನದ ನೆಲದಲ್ಲಿ ಕ್ರೋಮಿಯಂ, ನಿಕ್ಕಲ್, ಕೋಬಾಲ್ಟ್, ತಾಮ್ರ, ವನೇಡಿಯಂಗಳು ಒಂದೇ ಬಗೆಯ ಬಂಡೆಗಳ ಅಕ್ಕಪಕ್ಕದಲ್ಲಿ ಕಾಣಸಿಗುವುದರಿಂದ ಅವುಗಳ ಚರಿತ್ರೆಯನ್ನು ಬೇರೆ ಬೇರೆಯಾಗಿ ಹೇಳಲು ಬರುವುದಿಲ್ಲ.

ಜಿಲ್ಲೆಯ ಬಹುಭಾಗ ನೆಲ ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಹೇಮಾವತಿ ಅಣೆಕಟ್ಟೆಯಿರುವ ಗೊರೂರಿನ ಸುತ್ತಲಿನ ನೈಸ್ ಭೂವಿಜ್ಞಾನಿಗಳ ನಡುವೆ ಜಗತ್ಪ್ರಸಿದ್ಧ. 1980ರಲ್ಲಿ ಪ್ರಕಟವಾದ ಕಾಲನಿರ್ಣಯದಲ್ಲಿ ಈ ಕಲ್ಲಿಗೆ 330 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸೆಂದು ತಿಳಿದುಬಂತು. ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಸಾಲಿನಲ್ಲಿ ಇದಕ್ಕೆ ಜಾಗವಿದೆ. ಈ ನೈಸ್ ಹಾಸಿನ ನಡುವೆ ಉದ್ದುದ್ದನೆಯ, ಕಿರಿದಾದ ಕಪ್ಪು–ಹಸಿರು ಬಂಡೆಗಳ ಪಟ್ಟಿಗಳಿವೆ. ಭೂವಿಜ್ಞಾನದಲ್ಲಿ ಇವನ್ನು ಶಿಸ್ಟ್ ಪಟ್ಟಿ ಎನ್ನುತ್ತಾರೆ. ಅನಾದಿ ಕಾಲದ ಲಾವಾ, ಕಡಲ ತಳದ ಕೆಸರು, ಭೂಮಿಯ ಆಳದಿಂದ ಮೇಲಕ್ಕೆ ನುಗ್ಗಿದ ಕರಗಿದ ಕಲ್ಲು ಇವೆಲ್ಲ ಮಡಿಚಿಕೊಂಡು, ಬೆಂದು, ಒತ್ತಿಹೋಗಿ ಉಳಿದ ಅವಶೇಷಗಳಿವು. ಕರ್ನಾಟಕದ ಲೋಹಗಳಲ್ಲಿ ಬಹುಪಾಲು ಇಂಥ ಪಟ್ಟಿಗಳಲ್ಲಿಯೇ ಇದೆ.

ಜಿಲ್ಲೆಯ ಇಂಥ ಪಟ್ಟಿಗಳಲ್ಲಿ ಎರಡು ಹೆಚ್ಚು ಹೆಸರಾಗಿವೆ. ಹೊಳೆನರಸೀಪುರದ ಪಟ್ಟಿ ನಕ್ಷೆಯಲ್ಲಿ ತ್ರಿಶೂಲದಂತೆ ಕವಲೊಡೆದು ಕಾಣುತ್ತದೆ. ಅದರಲ್ಲಿ ಕಯನೈಟ್, ಸ್ಟಾರೊಲೈಟ್, ಗಾರ್ನೆಟ್‌ಗಳಂಥ ಖನಿಜಗಳೂ ಕಲ್ನಾರೂ ಅಲ್ಲಲ್ಲಿ ಕ್ರೋಮೈಟೂ ಇವೆ. ದೇಶವಿದೇಶಗಳ ಭೂವಿಜ್ಞಾನಿಗಳು ದಶಕಗಳಿಂದ ಅಲ್ಲಿಗೆ ಬರುತ್ತಿರುವುದು ಭೂಮಿಯ ಬಾಲ್ಯವನ್ನು ತಿಳಿಯಲು. ಗಣಿಯ ದೃಷ್ಟಿಯಿಂದ ಆ ಪಟ್ಟಿ ಕೊಟ್ಟದ್ದು ಕಡಿಮೆ. ಅರಕಲಗೂಡಿನ ಕಡೆಯ ನೆಲದ ಬೆಲೆಯೂ ಹೆಚ್ಚಾಗಿ ಇಂಥದ್ದೇ, ಅಧ್ಯಯನದ ಬೆಲೆ. ಗಣಿಗಾರಿಕೆಗೆ ಒದಗಿಬಂದದ್ದು ಎರಡನೆಯ ಪಟ್ಟಿ. ಅರಸೀಕೆರೆ ಕಡೆಯಿಂದ ಹೊರಟು ನುಗ್ಗೇಹಳ್ಳಿಯ ಮೇಲೆ ಹಾದು ಕೆಂಪಿನಕೋಟೆಯವರೆಗೆ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಈ ನುಗ್ಗೇಹಳ್ಳಿ ಪಟ್ಟಿಯ ಅಗಲ ಹೆಚ್ಚೆಂದರೆ 2 ಕಿಲೋಮೀಟರ್. ದಕ್ಷಿಣದ ತುದಿಯ ಕೆಂಪಿನಕೋಟೆಯಲ್ಲಿ ಹಿಂದಿನವರು ಚಿನ್ನಕ್ಕಾಗಿ ತೋಡಿದ ಗುಂಡಿಗಳಿವೆ. ನಡುಭಾಗದ ಬೈರಾಪುರ, ಭಕ್ತರಹಳ್ಳಿ, ಜಂಬೂರು, ತಗಡೂರುಗಳಲ್ಲಿ ಕ್ರೋಮೈಟ್ ಇದೆ. ತಗಡೂರಿನಲ್ಲಿ ಅದರ ಜೊತೆಗೆ ಟೈಟಾನಿಯಂ, ವನೇಡಿಯಂ ಬೆರೆತ ಮ್ಯಾಗ್ನೆಟೈಟ್ ಅದಿರೂ, ಅಲ್ಪ ಪ್ರಮಾಣದಲ್ಲಿ ತಾಮ್ರ–ನಿಕ್ಕಲ್ ಗಂಧಕದ ಖನಿಜಗಳೂ ಸಿಕ್ಕಿವೆ.

ಈ ಬಂಡೆಗಳ ಪರಿಚಯ ಜಿಲ್ಲೆಯ ಜನರಿಗೆ ಗಣಿಗಿಂತ ಬಹಳ ಮೊದಲೇ ಇತ್ತು. ಬೇಲೂರು, ಹಳೇಬೀಡುಗಳ ಹೊಯ್ಸಳ ಗುಡಿಗಳಿಗೆ ಒದಗಿದ ಬಳಪದ ಕಲ್ಲು ಈ ಬಗೆಯ ಶಿಸ್ಟ್ ಪಟ್ಟಿಗಳದೇ ಸಂತಾನ. ಮೆಗ್ನೀಸಿಯಂ ಹೆಚ್ಚಾಗಿರುವ ಕಪ್ಪು ಶಿಲೆ ನೀರು, ಬಿಸಿ, ಒತ್ತಡಗಳಿಗೆ ಸಿಕ್ಕಿ ಮೃದುವಾದಾಗ ಉಳಿಗೆ ಸುಲಭವಾಗಿ ಒಲಿಯುವ ಇಂಥ ಕಲ್ಲು ಹುಟ್ಟುತ್ತದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ನುಗ್ಗೇಹಳ್ಳಿಯಲ್ಲೇ ಇದೆ. ಬೈಚೋಜ, ಮಲ್ಲಿತಮ್ಮರು ಅಲ್ಲಿ ಕೆತ್ತಿದ ಶಿಲ್ಪಗಳನ್ನು ನೋಡಲು ಹೋಗುವವರಲ್ಲಿ ಎಷ್ಟೋ ಜನಕ್ಕೆ ಅದೇ ಹೋಬಳಿಯ ನೆಲದಡಿ ಸ್ಟೇನ್‌ಲೆಸ್ ಉಕ್ಕಿನ ಮೂಲವಸ್ತು ಇದೆಯೆಂಬುದು ತಿಳಿದಿರುವುದಿಲ್ಲ.

ಕ್ರೋಮೈಟ್ ಎಂದರೆ ಕ್ರೋಮಿಯಂ, ಕಬ್ಬಿಣ, ಆಮ್ಲಜನಕಗಳು ಕೂಡಿದ ಕಪ್ಪು, ಭಾರವಾದ ಖನಿಜ. ಕ್ರೋಮಿಯಂ ಲೋಹವನ್ನು ಕೊಡುವ ಅದಿರು ಇದೊಂದೇ. ಸುಮಾರು 310 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಿಂದ ಬಂದ ಅತಿ ಬಿಸಿಯಾದ ಕರಗಿದ ಶಿಲೆ ನಿಧಾನವಾಗಿ ತಣಿಯುವಾಗ, ಎಲ್ಲಕ್ಕಿಂತ ಮೊದಲು ಹರಳುಗಟ್ಟಿದವುಗಳಲ್ಲಿ ಕ್ರೋಮೈಟ್ ಒಂದು. ಭಾರದ ಈ ಹರಳುಗಳು ತಳಕ್ಕಿಳಿದು ಪದರಗಟ್ಟಿದವು. ಆಮೇಲಿನ ಭೂಚಲನೆಗಳಲ್ಲಿ ಆ ಪದರಗಳು ಹರಿದು, ಮಡಿಚಿ, ತುಂಡುತುಂಡಾದವು. ಹಾಗಾಗಿ ನುಗ್ಗೇಹಳ್ಳಿ ಪಟ್ಟಿಯಲ್ಲಿ ಅದಿರು ಒಂದೇ ಹಾಸಾಗಿ ಸಿಗುವುದಿಲ್ಲ. ನಡುವೆ ದಪ್ಪ, ಅಂಚಿನಲ್ಲಿ ತೆಳುವಾದ ಬಿಡಿಬಿಡಿ ಗಡ್ಡೆಗಳಾಗಿ ಸಿಗುತ್ತದೆ. ಒಂದು ಗಡ್ಡೆ ಮುಗಿದರೆ ಮುಂದಿನದು ಎಲ್ಲಿದೆಯೆಂದು ಮತ್ತೆ ಹುಡುಕಬೇಕು. ಬೈರಾಪುರದ ಗಡ್ಡೆಗಳು ಇವುಗಳಲ್ಲಿ ದೊಡ್ಡವು, ಅದಿರೂ ಒಳ್ಳೆಯ ದರ್ಜೆಯದು. ಆದ್ದರಿಂದಲೇ ಅಲ್ಲಿ ಮೇಲಿನಿಂದ ಅಗೆಯುವುದಷ್ಟಕ್ಕೇ ನಿಲ್ಲದೆ ನೆಲದಡಿಗೆ ಬಾವಿ ಇಳಿಸಿ, ಸುರಂಗ ಕೊರೆದು ಗಣಿ ನಡೆಸಲಾಯಿತು. ತಗಡೂರು ಮುಂತಾದೆಡೆ ತೆರೆದ ಗುಂಡಿಗಳ ಗಣಿಗಾರಿಕೆ ನಡೆಯಿತು.

ಕ್ರೋಮೈಟಿನ ಬಳಕೆ ಮೂರು ಕಡೆಗೆ. ಅತಿ ಶಾಖ ತಡೆಯುವ ಕುಲುಮೆಯ ಇಟ್ಟಿಗೆ ಮಾಡಲು, ತೊಗಲು ಹದ ಮಾಡುವ ಹಾಗೂ ಬಣ್ಣ ತಯಾರಿಸುವ ರಾಸಾಯನಿಕಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಉಕ್ಕಿಗೆ. ಉಕ್ಕಿನಲ್ಲಿ ಕನಿಷ್ಠ ಹತ್ತೂವರೆ ಶೇಕಡಾ ಕ್ರೋಮಿಯಂ ಇದ್ದರೆ ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆಯೊಂದು ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಇಂಥ ಉಕ್ಕನ್ನು ರೂಪಿಸಿದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಗಿ ಕ್ರೋಮೈಟಿಗೆ ಎಲ್ಲೆಡೆ ಬೇಡಿಕೆ ಏರಿತು. ಮೈಸೂರು ಸಂಸ್ಥಾನದಲ್ಲಿ ಆ ಹೊತ್ತಿಗೆ ಮೈಸೂರು ನಗರದ ಸಮೀಪದ ಸಿಂಧುವಳ್ಳಿಯಲ್ಲಿ ಕ್ರೋಮೈಟ್ ತೆಗೆಯುವ ಕೆಲಸ ಆಗಲೇ ಆರಂಭವಾಗಿತ್ತು. ಹಾಸನದ ಅದಿರೂ ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಕಣ್ಣಿಗೆ ಬಿದ್ದಿತ್ತು. ಯುದ್ಧ ಮುಗಿಯುವ ವೇಳೆಗೆ ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ರೈಲುಹಾದಿ ತಯಾರಾದದ್ದು ಈ ಭಾಗದ ಸರಕು ಹೊರಹೋಗಲು ದಾರಿ ಮಾಡಿಕೊಟ್ಟಿತು.

ಇಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಕೆಲಸವನ್ನು ಸ್ವಲ್ಪ ವಿವರವಾಗಿ ನೆನೆಯಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಈ ಇಲಾಖೆ ಹುಟ್ಟಿತು. ಅದಕ್ಕೆ ಮೊದಲೇ ಚಿನ್ನದ ಬಂಡೆಗಳನ್ನು ಹುಡುಕಿ ಸಂಸ್ಥಾನವನ್ನು ಸುತ್ತಿದ್ದ ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರಾದರು. ಅನಂತರ ಡಬ್ಲ್ಯು. ಎಫ್. ಸ್ಮೀತ್ ಎರಡು ದಶಕದಷ್ಟು ಕಾಲ ಇಲಾಖೆಯನ್ನು ನಡೆಸಿದರು. ಸಂಸ್ಥಾನದ ಭೂವೈಜ್ಞಾನಿಕ ನಕ್ಷೆ 1915ರಲ್ಲಿ ಬಂತು. ಮರುವರ್ಷ ಸ್ಮೀತ್ ಮತ್ತು ಪಿ. ಸಂಪತ್ ಅಯ್ಯಂಗಾರ್ ಸೇರಿ ಮೈಸೂರಿನ ಖನಿಜ ಸಂಪತ್ತಿನ ಬಗ್ಗೆ ಇಲಾಖೆಯ ಏಳನೆಯ ಬುಲೆಟಿನ್ ಹೊರತಂದರು. ದೇಶೀಯ ಸಂಸ್ಥಾನವೊಂದು ತನ್ನದೇ ಭೂವಿಜ್ಞಾನ ಇಲಾಖೆ ಇಟ್ಟುಕೊಂಡು, ಹಳ್ಳಿಹಳ್ಳಿ ನಡೆದು ಕಲ್ಲು ಪರೀಕ್ಷಿಸಿ, ಕಂಡದ್ದನ್ನು ಅಚ್ಚು ಹಾಕಿಸಿ ಇಟ್ಟದ್ದು ಆಗಿನ ಭಾರತದಲ್ಲಿ ವಿರಳ. ಆಮೇಲೆ ಹಾಸನದಲ್ಲಿ ಯಾವ ಗಣಿ ಶುರುವಾದರೂ ಅದರ ಹಿಂದೆ ಈ ದಾಖಲೆಗಳಿದ್ದವು. ಗಣಿಯ ಒಡೆತನದ ಚರ್ಚೆಯಲ್ಲಿ ಇದು ಮರೆಯಬಾರದ ಸಂಗತಿ: ನೆಲದಡಿ ಏನಿದೆ ಎಂಬ ಅರಿವನ್ನು ಸಾರ್ವಜನಿಕ ಹಣ ಗಳಿಸಿಕೊಟ್ಟಿತು.

ಸಂಸ್ಥಾನದ ಕಾಲದಲ್ಲಿ ಲೋಹದ ಗಣಿಗಳಿಗೆ ಎರಡು ದಾರಿಗಳಿದ್ದವು. ಚಿನ್ನದಂಥ ದುಬಾರಿ ಲೋಹವನ್ನು ತೆಗೆಯುವ ಹಕ್ಕನ್ನು ಸರ್ಕಾರ ವಿದೇಶಿ ಕಂಪನಿಗಳಿಗೆ ಗುತ್ತಿಗೆ ಕೊಡುತ್ತಿತ್ತು. ಕೋಲಾರದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಗಣಿಗಳು ಇದರ ದೊಡ್ಡ ಉದಾಹರಣೆ. ಸರ್ಕಾರಕ್ಕೆ ಬರುತ್ತಿದ್ದುದು ರಾಜಧನ, ಅಂದರೆ ತೆಗೆದ ಖನಿಜದ ಮೇಲೆ ಸಲ್ಲಬೇಕಾದ ಪಾಲು. ಕ್ರೋಮೈಟ್, ಕಲ್ನಾರುಗಳಂಥ ಅಗ್ಗದ ಖನಿಜಗಳಿಗೆ ಇಲಾಖೆ ಶೋಧನೆಯ ಪರವಾನಗಿ, ಗಣಿ ಗುತ್ತಿಗೆಗಳನ್ನು ಸಣ್ಣ ಪ್ರಮಾಣದಲ್ಲಿ ಹಂಚುತ್ತಿತ್ತು. ಗುತ್ತಿಗೆದಾರ ಬದಲಾದರೂ ಖನಿಜದ ಒಡೆತನ ಸರ್ಕಾರದ ಕೈ ಬಿಟ್ಟುಹೋಗಲಿಲ್ಲ. ಗುತ್ತಿಗೆ ಎಂದರೆ ನಿಗದಿಯಾದ ಅವಧಿಗೆ, ನಿಗದಿಯಾದ ಎಲ್ಲೆಯೊಳಗೆ ಅದಿರನ್ನು ತೆಗೆದು ಮಾರುವ ಹಕ್ಕು ಅಷ್ಟೇ.

ಹೊಲದ ಒಡೆಯನಿಗೆ ಹೊಲದಡಿಯ ಅದಿರು ಸೇರುವುದಿಲ್ಲವೇ ಎಂದು ರೈತರು ಕೇಳುವುದುಂಟು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 70ನೆಯ ಪ್ರಕರಣ ಗಣಿ ಮತ್ತು ಖನಿಜಗಳ ಹಕ್ಕನ್ನು ರಾಜ್ಯ ಸರ್ಕಾರದಲ್ಲಿ ಇರಿಸಿದೆ. ಪಹಣಿಯಲ್ಲಿ ಹೆಸರಿರುವ ರೈತನಿಗೆ ಇರುವುದು ಮೇಲ್ಮೈಯ ಹಕ್ಕು. ಗಣಿ ಬಂದಾಗ ಅವನಿಗೆ ಸಿಗುವುದು ಜಮೀನಿನ ಬಳಕೆಗೆ, ಬೆಳೆಗೆ, ಮರಗಳಿಗೆ ಪರಿಹಾರ. ಅದಿರಿನ ಬೆಲೆಯಲ್ಲಿ ಪಾಲಲ್ಲ. ಈ ನಿಯಮ ದೇಶಕ್ಕೆಲ್ಲ ಒಂದೇ ಅಲ್ಲ. ಕೇರಳದ ಮಲಬಾರಿನ ಜನ್ಮಿ ಎಂಬ ಭೂಮಾಲೀಕರ ಜಮೀನುಗಳಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ, ಕಾನೂನಿನ ಮೂಲಕ ಹಕ್ಕು ಕಸಿದುಕೊಳ್ಳದ ಹೊರತು ಖನಿಜ ಭೂಮಾಲೀಕನಿಗೇ ಸೇರುತ್ತದೆ ಎಂದಿತು. ಕರ್ನಾಟಕದಲ್ಲಿ ಕಾನೂನೇ ಅದನ್ನು ಸರ್ಕಾರಕ್ಕೆ ಕೊಟ್ಟಿರುವುದರಿಂದ ಆ ತೀರ್ಪಿನ ಫಲ ಚನ್ನರಾಯಪಟ್ಟಣದ ತೆಂಗಿನ ತೋಟದವರಿಗೆ ಅಷ್ಟು ಸಲೀಸಾಗಿ ದಕ್ಕುವಂಥದಲ್ಲ.

ಸ್ವಾತಂತ್ರ್ಯಾನಂತರ ಎರಡು ನಿರ್ಧಾರಗಳು ಹಾಸನದ ಗಣಿಗಳ ಹಣೆಬರಹ ಬರೆದವು. ಮೊದಲನೆಯದು 1956ರ ಕೈಗಾರಿಕಾ ನೀತಿ. ಸರ್ಕಾರವೇ ಮುಂದೆ ನಿಂತು ಬೆಳೆಸಬೇಕಾದ ಉದ್ಯಮಗಳ ಪಟ್ಟಿಯಲ್ಲಿ ತಾಮ್ರ, ಸೀಸ, ಸತು, ತವರಗಳ ಗಣಿಗಾರಿಕೆಯನ್ನೂ, ಕಬ್ಬಿಣ, ಮ್ಯಾಂಗನೀಸ್, ಕ್ರೋಮೈಟ್, ಚಿನ್ನಗಳ ಗಣಿಗಾರಿಕೆಯನ್ನೂ ಅದು ಸೇರಿಸಿತು. ಎರಡನೆಯದು 1957ರ ಗಣಿ ಮತ್ತು ಖನಿಜಗಳ ಅಧಿನಿಯಮ. ಖನಿಜ ರಾಜ್ಯದ್ದಾದರೂ ಅದರ ನಿಯಂತ್ರಣದ ಚೌಕಟ್ಟು ಕೇಂದ್ರದ್ದು ಎಂದು ಅದು ಸ್ಪಷ್ಟಪಡಿಸಿತು. ತಾಮ್ರ, ಕ್ರೋಮೈಟ್ ಎರಡೂ ಈ ಕಾನೂನಿನ ಮೊದಲ ಅನುಸೂಚಿಯಲ್ಲಿದ್ದುದರಿಂದ ರಾಜ್ಯ ಸರ್ಕಾರ ಇವುಗಳ ಗುತ್ತಿಗೆ ಕೊಡುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಒಡೆಯ ಒಬ್ಬ, ಅಂಕೆ ಇನ್ನೊಬ್ಬರದು ಎಂಬ ಈ ಏರ್ಪಾಡು ಇಂದಿಗೂ ಮುಂದುವರಿದಿದೆ.

ಈ ನೀತಿಗೆ ಹೊಂದಿಕೊಂಡು 1966ರಲ್ಲಿ ಮೈಸೂರು ಮಿನರಲ್ಸ್ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿ ನೋಂದಣಿಯಾಯಿತು. ಅದಕ್ಕೂ ಮೊದಲು ಖನಿಜಾಭಿವೃದ್ಧಿ ಮಂಡಳಿಯೊಂದು ನಡೆಸುತ್ತಿದ್ದ ಕೆಲಸಗಳು ಅದರ ಕೈಗೆ ಬಂದವು. ಬೈರಾಪುರ, ತಗಡೂರು, ಜಂಬೂರು, ಭಕ್ತರಹಳ್ಳಿಗಳ ಕ್ರೋಮೈಟ್ ಗಣಿಗಳು ಈ ಕಂಪನಿಯ ಹೆಸರಿನೊಂದಿಗೆ ಗುರುತಾದವು. ಈಚೆಗೆ ಅದೇ ಸಂಸ್ಥೆ ಕರ್ನಾಟಕ ರಾಜ್ಯ ಖನಿಜ ನಿಗಮ ಎಂಬ ಹೊಸ ಹೆಸರು ಪಡೆದಿದೆ. ಹೆಸರು ಬದಲಾದರೂ ಒಡೆತನ ಬದಲಾಗಿಲ್ಲ. ನಿಗಮ ರಾಜ್ಯ ಸರ್ಕಾರದ್ದೇ.

ಕಲ್ಯಾಡಿಯ ತಾಮ್ರದ ಕಥೆ ಇನ್ನೊಂದು ಸರ್ಕಾರಿ ಕಂಪನಿಯ ಜೊತೆ ಹೆಣೆದುಕೊಂಡಿದೆ. ಕಲ್ಯಾಡಿಯ ಅದಿರು ಕ್ರೋಮೈಟಿನಂತೆ ತಣಿಯುವ ಶಿಲಾದ್ರವದಿಂದ ಇಳಿದದ್ದಲ್ಲ. ಬೆಣಚಿನಂಥ ಗಟ್ಟಿ ಸಿಲಿಕಾ ಶಿಲೆ ಮತ್ತು ಆಂಫಿಬೊಲೈಟ್ ಎಂಬ ಕಪ್ಪು ಶಿಲೆಗಳ ಸಹವಾಸದಲ್ಲಿ ಇರುವ ಗಂಧಕದ ಅದಿರು ಅದು. ಅದರ ಮುಖ್ಯ ಖನಿಜ ಚಾಲ್ಕೊಪೈರೈಟ್, ಅಂದರೆ ತಾಮ್ರ, ಕಬ್ಬಿಣ, ಗಂಧಕಗಳು ಬೆರೆತು ಹಿತ್ತಾಳೆಯಂತೆ ಹೊಳೆಯುವ ವಸ್ತು. ಇಂಥ ಅದಿರು ನೆಲದ ಮೇಲಕ್ಕೆ ಬಂದ ಕಡೆ ಗಾಳಿ, ಮಳೆಗೆ ಸಿಕ್ಕಿ ಕಲ್ಲಿನ ಮೇಲೆ ಹಸಿರು–ನೀಲಿ ಕಲೆಗಳು ಮೂಡುತ್ತವೆ. ಹಿಂದಿನ ಕಾಲದವರು ತಾಮ್ರ ಗುರುತಿಸುತ್ತಿದ್ದುದು ಈ ಕಲೆ ನೋಡಿಯೇ. ಇಪ್ಪತ್ತನೆಯ ಶತಮಾನದ ಭೂವಿಜ್ಞಾನಿಗಳು ಕರ್ನಾಟಕದಲ್ಲಿ ತಾಮ್ರ, ಚಿನ್ನಗಳನ್ನು ಹುಡುಕುವಾಗ ನೆಚ್ಚಿದ್ದೂ ಹಿಂದಿನವರ ತೋಡುಗಳನ್ನೇ. ಓದುಬರಹದ ದಾಖಲೆ ಬಿಡದ ಆ ಗಣಿಗಾರರ ಕಣ್ಣು ಎಷ್ಟು ಚುರುಕಾಗಿತ್ತೆಂದರೆ, ಅವರು ಮುಟ್ಟದೆ ಬಿಟ್ಟ ಹೊಸ ನಿಕ್ಷೇಪ ಸಿಗುವುದೇ ಕಷ್ಟವಾಯಿತು.

ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ತಾಮ್ರ ತೆಗೆಯುತ್ತಿದ್ದ ಜಾಗ ಪ್ರಧಾನವಾಗಿ ಒಂದೇ, ಈಗ ಜಾರ್ಖಂಡಿನಲ್ಲಿರುವ ಘಾಟ್‌ಶಿಲಾ ಸುತ್ತಿನ ಸಿಂಗಭೂಮ್ ಪಟ್ಟಿ. ವಿದ್ಯುತ್ ತಂತಿಗೆ ಬೇಕಾದ ತಾಮ್ರವನ್ನು ವಿದೇಶಿ ವಿನಿಮಯ ತೆತ್ತು ತರಿಸಬೇಕಾಗಿತ್ತು. ಆದ್ದರಿಂದ ರಾಜ್ಯಗಳು ತಮ್ಮಲ್ಲಿದ್ದ ಸಣ್ಣಪುಟ್ಟ ತಾಮ್ರದ ನಿಕ್ಷೇಪಗಳನ್ನೂ ಹೊಸದಾಗಿ ಪರೀಕ್ಷಿಸತೊಡಗಿದವು. ಮೈಸೂರು ರಾಜ್ಯದಲ್ಲಿ ಚಿತ್ರದುರ್ಗದ ಬಳಿಯ ಇಂಗಳದಾಳ್ ಮತ್ತು ಹಾಸನದ ಕಲ್ಯಾಡಿ ಹೀಗೆ ಮುಂದೆ ಬಂದವು. 1937ರಲ್ಲಿ ಇಲಾಖೆ ಸೇರಿ 1974ರವರೆಗೆ ದುಡಿದು, ನಿರ್ದೇಶಕರಾಗಿ ನಿವೃತ್ತರಾದ ಬಿ. ಪಿ. ರಾಧಾಕೃಷ್ಣ ಅವರ ಹೆಸರು ಆ ಕಾಲದ ಖನಿಜ ಶೋಧನೆಯ ಜೊತೆ ಬಿಡಿಸಲಾಗದಂತೆ ಸೇರಿಕೊಂಡಿದೆ. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪನೆಯಲ್ಲಿ ಮುಂದಾಳಾಗಿದ್ದವರೂ ಅವರೇ. ಇಂಗಳದಾಳಿನಲ್ಲಿ ಗಣಿ ನಡೆಸಲು ಚಿತ್ರದುರ್ಗ ತಾಮ್ರ ಕಂಪನಿ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಮುಂದೆ ಅದು ಹುಟ್ಟಿ ಚಿನ್ನದ ಗಣಿ ಕಂಪನಿಯೊಳಗೆ ಸೇರಿಹೋಯಿತು. ಕಲ್ಯಾಡಿಯ ತಾಮ್ರದ ಗಣಿಯೂ ಇದೇ ಕಂಪನಿಯ ಆಶ್ರಯದಲ್ಲಿ ನಡೆಯಿತು.

ಹುಟ್ಟಿ ಕಂಪನಿಯ ಮೂಲ ಹಾಸನದಿಂದ ಬಹುದೂರ. 1947ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಎಂಬ ಹೆಸರಿನಲ್ಲಿ ಅದು ಶುರುವಾಯಿತು. 1956ರ ಭಾಷಾವಾರು ಪ್ರಾಂತ್ಯ ರಚನೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಕಂಪನಿಯೂ ಈ ಕಡೆಗೆ ಬಂತು, ಹೆಸರು ಬದಲಾಯಿತು. ಹೈದರಾಬಾದಿನ ನಿಜಾಮರ ಕಂಪನಿಯ ವಾರಸುದಾರ ಹೊಯ್ಸಳರ ಸೀಮೆಯಲ್ಲಿ ತಾಮ್ರ ಅಗೆದದ್ದು ಏಕೀಕರಣದ ಚರಿತ್ರೆಯಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಸ್ವಾರಸ್ಯ. ಕಂಪನಿಯ ಷೇರುಗಳಲ್ಲಿ ಬಹುಪಾಲು ರಾಜ್ಯ ಸರ್ಕಾರದ್ದು. ಆದ್ದರಿಂದ ಕಲ್ಯಾಡಿಯಲ್ಲೂ ಕೊನೆಗೆ ಒಡೆಯ ಬೆಂಗಳೂರಿನ ಸರ್ಕಾರವೇ.

ತಾಮ್ರದ ಗಣಿ ನಡೆಸುವುದು ಕಲ್ಲು ಒಡೆದು ಲಾರಿಗೆ ತುಂಬಿದಷ್ಟು ಸರಳವಲ್ಲ. ಇಂಥ ಅದಿರಿನಲ್ಲಿ ತಾಮ್ರದ ಅಂಶ ಶೇಕಡಾ ಒಂದರ ಆಸುಪಾಸು. ಅಂದರೆ ನೂರು ಟನ್ ಕಲ್ಲು ಮೇಲೆತ್ತಿದರೆ ಅದರಲ್ಲಿರುವ ಲೋಹ ಒಂದು ಟನ್ನಿನಷ್ಟು. ಉಳಿದ ತೊಂಬತ್ತೊಂಬತ್ತು ಟನ್ ಬೇಡದ ಸರಕು. ನೆಲದಡಿಯ ಕಲ್ಲನ್ನು ಸಿಡಿಮದ್ದಿನಿಂದ ಒಡೆದು, ಬಾವಿಯ ಮೂಲಕ ಮೇಲೆತ್ತಿ, ಗಿರಣಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕು. ಆ ಹಿಟ್ಟನ್ನು ನೀರು, ಎಣ್ಣೆ ಮತ್ತು ಕೆಲವು ರಾಸಾಯನಿಕಗಳ ಜೊತೆ ತೊಟ್ಟಿಯಲ್ಲಿ ಕಲಕಿ ಕೆಳಗಿನಿಂದ ಗಾಳಿ ಊದಿದರೆ, ತಾಮ್ರದ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೇಳುತ್ತವೆ. ನೊರೆಯನ್ನು ತೆಗೆದು ಒಣಗಿಸಿದಾಗ ಸಿಗುವ ಪುಡಿಯಲ್ಲಿ ತಾಮ್ರದ ಅಂಶ ಶೇಕಡಾ ಇಪ್ಪತ್ತಕ್ಕೂ ಮೇಲೆ. ಅಲ್ಲಿಗೆ ಗಣಿಯ ಕೆಲಸ ಮುಗಿಯುತ್ತದೆ. ಅದನ್ನು ಕರಗಿಸಿ ಲೋಹ ಮಾಡುವ ಕುಲುಮೆ ಕರ್ನಾಟಕದಲ್ಲಿಲ್ಲ. 1967ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಕಾಪರ್ ಸಂಸ್ಥೆಯ ಕುಲುಮೆಗಳು ರಾಜಸ್ಥಾನದ ಖೇತ್ರಿಯಲ್ಲೂ ಘಾಟ್‌ಶಿಲಾದಲ್ಲೂ ಇದ್ದವು. ದಖನ್ನಿನ ಒಂದು ಸಣ್ಣ ಗಣಿಯ ಪುಡಿ ಸಾವಿರ ಕಿಲೋಮೀಟರಿಗೂ ಮೇಲೆ ಪ್ರಯಾಣ ಮಾಡಿದ ಮೇಲೆಯೇ ತಂತಿಯಾಗಲು ಸಾಧ್ಯ.

ತಾಮ್ರದ ಬೆಲೆ ಲಂಡನ್ನಿನ ಲೋಹ ವಿನಿಮಯ ಕೇಂದ್ರದಲ್ಲಿ ತೀರ್ಮಾನವಾಗುತ್ತದೆ. ಅದಿರು ತೆಳುವಾದಷ್ಟೂ, ಸುರಂಗ ಆಳವಾದಷ್ಟೂ, ಸಾಗಣೆ ದೂರವಾದಷ್ಟೂ ಬೆಲೆಯ ಒಂದು ಸಣ್ಣ ಕುಸಿತವೂ ಗಣಿಯನ್ನು ನಷ್ಟಕ್ಕೆ ನೂಕಬಲ್ಲದು. 1991ರ ನಂತರ ಆಮದು ಸುಲಭವಾದಂತೆ ದೇಶದ ಸಣ್ಣ ತಾಮ್ರದ ಗಣಿಗಳೆಲ್ಲ ಈ ಸಂಕಟಕ್ಕೆ ಸಿಕ್ಕವು. ಕಲ್ಯಾಡಿ, ಇಂಗಳದಾಳ್ ಎರಡೂ ನಿಂತುಹೋದವು. ಅದನ್ನು ಆಡಳಿತದ ಸೋಲು ಎಂದಷ್ಟೇ ಬರೆದರೆ ಅನ್ಯಾಯವಾಗುತ್ತದೆ. ನಿಕ್ಷೇಪದ ಗಾತ್ರವೇ ಚಿಕ್ಕದಿತ್ತು. ವಿದೇಶಿ ವಿನಿಮಯದ ಬರಗಾಲದಲ್ಲಿ ಅದಕ್ಕೊಂದು ಅರ್ಥವಿತ್ತು, ಆ ಬರ ನೀಗಿದ ಮೇಲೆ ಲೆಕ್ಕ ಕೂಡಲಿಲ್ಲ.

ನುಗ್ಗೇಹಳ್ಳಿಯ ಕ್ರೋಮೈಟಿಗೂ ಎದುರಾಳಿ ಹುಟ್ಟಿದ್ದು ದೇಶದೊಳಗೇ. 1940ರ ದಶಕದ ಕೊನೆಯಲ್ಲಿ ಒಡಿಶಾದ ಸುಕಿಂದಾ ಕಣಿವೆಯಲ್ಲಿ ಕ್ರೋಮೈಟ್ ಪತ್ತೆಯಾಯಿತು. ದೇಶದ ಕ್ರೋಮೈಟ್ ಸಂಪತ್ತಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಪಾಲು ಒಡಿಶಾದ್ದೇ. ಅಲ್ಲಿ ನೆಲದ ಮೇಲ್ಭಾಗದಲ್ಲೇ ಅಗಲವಾಗಿ ಹರಡಿರುವ ಅದಿರನ್ನು ಭಾರಿ ಯಂತ್ರಗಳಿಂದ ತೆಗೆಯುವಾಗ, ಬಿಡಿ ಗಡ್ಡೆಗಳನ್ನು ನೆಲದಡಿ ಹುಡುಕಿಕೊಂಡು ಹೋಗಬೇಕಾದ ಬೈರಾಪುರ ಬೆಲೆಯಲ್ಲಿ ಪೈಪೋಟಿ ನಡೆಸುವುದು ಕಷ್ಟ. ಕರ್ನಾಟಕದ ಕ್ರೋಮೈಟ್ ಉತ್ಪಾದನೆ ದೇಶದ ಒಟ್ಟಿನಲ್ಲಿ ತೀರಾ ಸಣ್ಣ ಪಾಲಿಗೆ ಇಳಿಯಿತು.

1993ರ ರಾಷ್ಟ್ರೀಯ ಖನಿಜ ನೀತಿ ಕಬ್ಬಿಣ, ಕ್ರೋಮೈಟ್, ತಾಮ್ರ, ಸೀಸ, ಸತು, ನಿಕ್ಕಲ್, ಚಿನ್ನ ಸೇರಿದಂತೆ 13 ಖನಿಜಗಳನ್ನು ಖಾಸಗಿಯವರಿಗೆ ತೆರೆಯಿತು. 1956ರ ಗೋಡೆ ಅಲ್ಲಿಗೆ ಬಿತ್ತು. 1957ರ ಅಧಿನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿ ಇನ್ನೂ ದೊಡ್ಡ ಬದಲಾವಣೆ ತಂದಿತು: ಅರ್ಜಿ ಹಾಕಿದವರಿಗೆ ಸರ್ಕಾರ ಗುತ್ತಿಗೆ ಕೊಡುವ ಪದ್ಧತಿ ಹೋಗಿ ಹರಾಜು ಬಂತು, ಗುತ್ತಿಗೆಯ ಅವಧಿ 50 ವರ್ಷವಾಯಿತು. ಅದೇ ಕಾನೂನಿನಡಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಹಳೆಯ ಗುತ್ತಿಗೆದಾರರು ರಾಜಧನದ ಮೇಲೆ ಅದರ ಶೇಕಡಾ 30ರಷ್ಟನ್ನು, ಹರಾಜಿನಲ್ಲಿ ಗೆದ್ದವರು ಶೇಕಡಾ 10ರಷ್ಟನ್ನು ಹೆಚ್ಚುವರಿಯಾಗಿ ಪ್ರತಿಷ್ಠಾನಕ್ಕೆ ಕಟ್ಟಬೇಕು. ಆ ಹಣ ಗಣಿಯಿಂದ ಬಾಧಿತವಾದ ಊರುಗಳಿಗೆ ಖರ್ಚಾಗಬೇಕು. ಹೊಲದಡಿಯ ಅದಿರಿನ ಲಾಭದಲ್ಲಿ ಊರಿಗೂ ಒಂದು ಪಾಲು ಸಲ್ಲಬೇಕೆಂದು ಕಾನೂನು ಒಪ್ಪಿಕೊಂಡದ್ದು ಇಲ್ಲಿ. ಆದರೆ ಈ ಹಣ ಬರುವುದು ಗಣಿ ನಡೆಯುತ್ತಿರುವಾಗ. ನಿಂತುಹೋದ ಗಣಿ ರಾಜಧನ ಹುಟ್ಟಿಸುವುದಿಲ್ಲ, ಅದರ ಪಾಲೂ ಹುಟ್ಟುವುದಿಲ್ಲ. ಗಣಿಯ ಬಾಧೆ ಮಾತ್ರ ಹಾಗೆ ನಿಲ್ಲುವುದಿಲ್ಲ.

ಆ ಬಾಧೆ ಯಾವ ಬಗೆಯದು ಎಂಬುದಕ್ಕೆ ಕ್ರೋಮಿಯಂನ ಗುಣವನ್ನು ತಿಳಿಯಬೇಕು. ಬಂಡೆಯೊಳಗೆ ಕ್ರೋಮಿಯಂ ಸಾಮಾನ್ಯವಾಗಿ ಇರುವ ರೂಪ ನೀರಿನಲ್ಲಿ ಸುಲಭವಾಗಿ ಕರಗದು, ಅಷ್ಟು ಅಪಾಯಕಾರಿಯೂ ಅಲ್ಲ. ಆದರೆ ಗಾಳಿ, ನೀರು, ಮ್ಯಾಂಗನೀಸಿನ ಖನಿಜಗಳ ಸಂಪರ್ಕದಲ್ಲಿ ಅದರ ಒಂದು ಭಾಗ ಆರು ವೇಲೆನ್ಸಿಯ ಕ್ರೋಮಿಯಂ ಆಗಿ ಬದಲಾಗಬಲ್ಲದು. ಆ ರೂಪ ನೀರಿನಲ್ಲಿ ಕರಗುತ್ತದೆ, ಕ್ಯಾನ್ಸರ್ ತರಬಲ್ಲದು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ನುಗ್ಗೇಹಳ್ಳಿ ಪಟ್ಟಿಯ ಶಿಲೆಯಿಂದ ಹುಟ್ಟಿದ ಮಣ್ಣಿನಲ್ಲಿ ಗಣಿಯೇ ಇಲ್ಲದಿದ್ದರೂ ಕ್ರೋಮಿಯಂ, ನಿಕ್ಕಲ್ ಹೆಚ್ಚಾಗಿರುವುದು ಸಹಜ. ಗಣಿ ಮಾಡಿದ್ದೇನೆಂದರೆ, ಆಳದಲ್ಲಿ ಭದ್ರವಾಗಿದ್ದ ಶಿಲೆಯನ್ನು ಪುಡಿಮಾಡಿ ಮಳೆಗಾಳಿಗೆ ಒಡ್ಡಿ ರಾಶಿ ಹಾಕಿದ್ದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನುಗ್ಗೇಹಳ್ಳಿಯ ಕ್ರೋಮೈಟ್ ಗಣಿಗಳ ಸುತ್ತಿನ ಮಣ್ಣನ್ನು ಪರೀಕ್ಷಿಸಿ ಕ್ರೋಮಿಯಂ, ನಿಕ್ಕಲ್‌ಗಳಂಥ ಭಾರ ಲೋಹಗಳ ಹೆಚ್ಚಳವನ್ನು ವರದಿ ಮಾಡಿದ್ದಾರೆ. ತಾಮ್ರದ ಗಣಿಯ ತ್ಯಾಜ್ಯಕ್ಕೆ ಬೇರೊಂದು ಸ್ವಭಾವ: ಅದರಲ್ಲಿ ಉಳಿದ ಗಂಧಕದ ಖನಿಜಗಳು ಮಳೆನೀರಿನ ಜೊತೆ ಸೇರಿ ಆಮ್ಲ ಹುಟ್ಟಿಸಬಲ್ಲವು. ಹೊಳೆನರಸೀಪುರದ ಕಲ್ನಾರಿನ ಹಳೆಯ ತೋಡುಗಳಲ್ಲಿ ಭಯವಿರುವುದು ನೀರಿನದ್ದಲ್ಲ, ಉಸಿರಿನೊಳಗೆ ಹೋಗುವ ನಾರಿನದು.

ಗಣಿಯನ್ನು ಹೇಗೆ ಮುಚ್ಚಬೇಕು ಎಂಬ ನಿಯಮ ಭಾರತದಲ್ಲಿ ತಡವಾಗಿ ಬಂತು. ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ 2003ರಲ್ಲಿ ಆದ ತಿದ್ದುಪಡಿಯಿಂದ ಪ್ರತಿ ಗುತ್ತಿಗೆದಾರನೂ ಹಂತಹಂತದ ಮತ್ತು ಅಂತಿಮ ಮುಚ್ಚುವಿಕೆಯ ಯೋಜನೆ ಸಲ್ಲಿಸಿ, ಅದಕ್ಕೆ ಹಣದ ಖಾತರಿಯನ್ನೂ ಕೊಡಬೇಕಾಯಿತು. ಗುಂಡಿ ತುಂಬುವುದು ಅಥವಾ ಬೇಲಿ ಹಾಕುವುದು, ತ್ಯಾಜ್ಯದ ರಾಶಿ ಕುಸಿಯದಂತೆ ಇಳಿಜಾರು ಕಡಿಮೆ ಮಾಡಿ ಗಿಡ ಬೆಳೆಸುವುದು, ಹರಿದುಹೋಗುವ ನೀರಿಗೆ ಕಾಲುವೆ ಕಟ್ಟುವುದು, ನೀರಿನ ಪರೀಕ್ಷೆ ಮುಂದುವರಿಸುವುದು ಎಲ್ಲವೂ ಆ ಯೋಜನೆಯ ಭಾಗ. 2003ಕ್ಕೆ ಮೊದಲು ಕೆಲಸ ನಿಲ್ಲಿಸಿದ ತೋಡುಗಳಿಗೆ ಇಂಥ ಕಾಗದವೇ ಹುಟ್ಟಲಿಲ್ಲ. ಹಾಸನದಲ್ಲಿ ಒಡೆಯ ಯಾರೆಂದು ಹುಡುಕಾಡಬೇಕಾದ ಗೊಂದಲವಿಲ್ಲ. ಖನಿಜ ಸರ್ಕಾರದ್ದು, ಗಣಿ ನಡೆಸಿದ ಕಂಪನಿಗಳೂ ಸರ್ಕಾರದ್ದೇ. ರಾಜಧನ ಪಡೆದವರೂ ಲಾಭದ ಪಾಲು ಪಡೆದವರೂ ಒಬ್ಬರೇ ಆಗಿರುವಾಗ ಆ ತ್ಯಾಜ್ಯದ ರಾಶಿಗಳ, ಸುತ್ತಲಿನ ಕೊಳವೆಬಾವಿಗಳ ನೀರಿನ ಹೊಣೆ ಬೇರೆ ಯಾರ ಹೆಗಲಿಗೂ ಜಾರುವಂತಿಲ್ಲ.

ಮುಂದಿನ ದಿನಗಳಲ್ಲಿ ಈ ಪಟ್ಟಿಗಳ ಮೇಲೆ ಮತ್ತೆ ಕಣ್ಣು ಬೀಳುವ ಸಾಧ್ಯತೆ ಇದೆ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ದೇಶಕ್ಕೆ ನಿರ್ಣಾಯಕವಾದ 30 ಖನಿಜಗಳ ಪಟ್ಟಿ ಪ್ರಕಟಿಸಿತು. ನುಗ್ಗೇಹಳ್ಳಿಯಲ್ಲಿ ಹೆಚ್ಚು ಸಿಕ್ಕ ಕ್ರೋಮಿಯಂ ಅದರಲ್ಲಿ ಇಲ್ಲ. ಅದರ ಅಕ್ಕಪಕ್ಕದಲ್ಲಿ ಕಂಡುಬಂದ ತಾಮ್ರ, ನಿಕ್ಕಲ್, ಕೋಬಾಲ್ಟ್, ಟೈಟಾನಿಯಂ, ವನೇಡಿಯಂಗಳೆಲ್ಲ ಇವೆ. ಅದೇ ವರ್ಷ 1957ರ ಅಧಿನಿಯಮಕ್ಕೆ ಆದ ಇನ್ನೊಂದು ತಿದ್ದುಪಡಿಯಿಂದ 24 ನಿರ್ಣಾಯಕ ಖನಿಜಗಳ ಹರಾಜಿನ ಅಧಿಕಾರ ಕೇಂದ್ರಕ್ಕೆ ಹೋಯಿತು, ಹರಾಜಿನ ಆದಾಯ ಮಾತ್ರ ರಾಜ್ಯಕ್ಕೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ರಾಜಧನ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ಬಹುಮತದ ತೀರ್ಪು ಕೊಟ್ಟಿತು. ಹಾಗಾಗಿ ತಗಡೂರಿನ ವನೇಡಿಯಂಗೆ ಎಂದಾದರೂ ಗಿರಾಕಿ ಬಂದರೆ, ಗುತ್ತಿಗೆಯ ಹರಾಜು, ತೆರಿಗೆ, ಜಿಲ್ಲಾ ಪ್ರತಿಷ್ಠಾನದ ಪಾಲು, ಮುಚ್ಚುವಿಕೆಯ ಖಾತರಿ ಹಣ ಇವೆಲ್ಲ 1966ರಲ್ಲಿ ಬೈರಾಪುರಕ್ಕೆ ಇಲ್ಲದಿದ್ದ ನಿಯಮಗಳ ಪ್ರಕಾರವೇ ತೀರ್ಮಾನವಾಗಬೇಕಾಗುತ್ತದೆ.